ಆರೆಗಾನ್‌ನಲ್ಲಿ ನಗರದ ಗಡಿ ಹೇಗೆ ಹಿಗ್ಗುತ್ತದೆ: ನಾಗರಿಕರಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಯಾವ ಊರಿನ ಯೋಜನಾ ನಕ್ಷೆ ತೆರೆದರೂ ಊರನ್ನು ಸುತ್ತುವರಿದ ಒಂದು ಗೆರೆ ಕಾಣುತ್ತದೆ. ಗೆರೆಯ ಒಳಗೆ ಬಡಾವಣೆ, ಶಾಲೆ, ಕಾರ್ಖಾನೆಗಳಿಗೆ ಅವಕಾಶ. ಹೊರಗೆ ಹೊಲ, ಹಣ್ಣಿನ ತೋಟ, ಕಾಡು. ಇದು ನಗರ ಬೆಳವಣಿಗೆ ಗಡಿ. ಅಲ್ಲಿನ ಜನ ಇದನ್ನು ಯುಜಿಬಿ ಎನ್ನುತ್ತಾರೆ. ಈ ಗೆರೆಯನ್ನು ಸರಿಸುವ ಅಧಿಕಾರ ನಗರಸಭೆಯ ಇಷ್ಟಕ್ಕೆ ಬಿಟ್ಟದ್ದಲ್ಲ. ಎಷ್ಟು ಭೂಮಿ ಬೇಕು, ಯಾಕೆ ಬೇಕು, ಯಾವ ಭೂಮಿಯನ್ನು ಮೊದಲು ಮುಟ್ಟಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು ಎಂಬುದನ್ನೆಲ್ಲ ರಾಜ್ಯದ ನಿಯಮ ಕಟ್ಟಿಹಾಕಿದೆ.

ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋ, ಬೀವರ್ಟನ್, ಬೆಥನಿ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ಗೆರೆ ನಿತ್ಯದ ಸಂಗತಿ. ಮನೆಯ ಬೆಲೆ, ಮಕ್ಕಳ ಶಾಲೆಯ ವ್ಯಾಪ್ತಿ, ಹಿತ್ತಲಾಚೆಯ ಹೊಲದ ಭವಿಷ್ಯ ಎಲ್ಲಕ್ಕೂ ಅದರ ನಂಟಿದೆ. ಆದರೂ ಸಾರ್ವಜನಿಕ ವಿಚಾರಣೆಯ ದಿನ ಹೋಗಿ ಮೂರು ನಿಮಿಷ ಮಾತನಾಡಿ ಬಂದರೆ ಕೆಲಸ ಮುಗಿಯಿತೆಂದು ಬಹಳ ಜನ ಭಾವಿಸುತ್ತಾರೆ. ನನ್ನ ಖಚಿತ ಅಭಿಪ್ರಾಯ ಬೇರೆ. ಗಡಿಯ ಭವಿಷ್ಯ ನಿರ್ಧಾರವಾಗುವುದು ವಿಚಾರಣೆಗೆ ಒಂದೆರಡು ವರ್ಷ ಮೊದಲು, ಯಾರೂ ಓದದ ಲೆಕ್ಕದ ಕೋಷ್ಟಕಗಳಲ್ಲಿ. ಆ ಕೋಷ್ಟಕಗಳನ್ನು ಓದಲು ಕಲಿಯುವುದೇ ಈ ಮಾರ್ಗದರ್ಶಿಯ ಮುಖ್ಯ ಉದ್ದೇಶ. ನೀವು ವಿಸ್ತರಣೆಯ ಪರವಾಗಿರಿ, ವಿರುದ್ಧವಾಗಿರಿ, ದಾರಿ ಒಂದೇ.

ಮೊದಲು ತಿಳಿದಿರಬೇಕಾದ ಹಿನ್ನೆಲೆ

1973ರಲ್ಲಿ ಆರೆಗಾನ್ ಶಾಸಕಾಂಗ ಸೆನೆಟ್ ಮಸೂದೆ 100 ಅನ್ನು ಅಂಗೀಕರಿಸಿತು. ಗವರ್ನರ್ ಟಾಮ್ ಮೆಕಾಲ್ ಅದರ ಬೆನ್ನಿಗೆ ನಿಂತಿದ್ದರು. ಅದನ್ನು ರೂಪಿಸಿ ದಡ ಮುಟ್ಟಿಸಿದವರಲ್ಲಿ ಪ್ರಮುಖರು ಲಿನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಹೈನುಗಾರ, ಸೆನೆಟರ್ ಹೆಕ್ಟರ್ ಮ್ಯಾಕ್‌ಫರ್ಸನ್. ನಗರದವರು ರೈತರ ಮೇಲೆ ಹೇರಿದ ಕಾನೂನು ಇದು ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು. ಲಿನ್ ಕೌಂಟಿ ಇರುವ ವಿಲಾಮೆಟ್ ಕಣಿವೆಯ ಮಣ್ಣು ಅಷ್ಟು ಫಲವತ್ತಾದದ್ದು. ಅಮೆರಿಕದಲ್ಲಿ ಬೆಳೆಯುವ ಹೇಜಲ್‌ನಟ್‌ನಲ್ಲಿ ಶೇ. 99ರಷ್ಟು ಈ ರಾಜ್ಯದ್ದೇ, ಅದರಲ್ಲಿ ಹೆಚ್ಚಿನದು ಈ ಕಣಿವೆಯದು. ರಾಜ್ಯದ ಬಹುಪಾಲು ಜನ ವಾಸಿಸುವುದೂ ಇದೇ ಕಣಿವೆಯಲ್ಲಿ. ಸಮಸ್ಯೆಯ ಬೇರು ಇರುವುದು ಅಲ್ಲಿಯೇ.

ಆ ಕಾನೂನು ಏಳು ಸದಸ್ಯರ ಭೂ ಸಂರಕ್ಷಣೆ ಮತ್ತು ಅಭಿವೃದ್ಧಿ ಆಯೋಗವನ್ನು, ಅಂದರೆ ಎಲ್‌ಸಿಡಿಸಿಯನ್ನು, ಮತ್ತು ಅದರ ಕೆಲಸ ನಡೆಸುವ ಇಲಾಖೆಯಾದ ಡಿಎಲ್‌ಸಿಡಿಯನ್ನು ಹುಟ್ಟುಹಾಕಿತು. ಆಯೋಗ ರಾಜ್ಯಕ್ಕೆಲ್ಲ ಅನ್ವಯಿಸುವ 19 ಯೋಜನಾ ಗುರಿಗಳನ್ನು ಗೊತ್ತುಮಾಡಿದೆ. ಗಡಿ ವಿಸ್ತರಣೆಯ ತಿರುಳು ಇರುವುದು 14ನೆಯ ಗುರಿಯಲ್ಲಿ. ಕೃಷಿ ಭೂಮಿಯನ್ನು ಕಾಯುವ 3ನೆಯ ಗುರಿ, ಉದ್ಯೋಗದ 9ನೆಯ ಗುರಿ, ವಸತಿಯ 10ನೆಯ ಗುರಿಗಳೂ ಜೊತೆಗೆ ಬೇಕಾಗುತ್ತವೆ. ವಿವರವಾದ ನಿಯಮಗಳು ಆರೆಗಾನ್ ಆಡಳಿತ ನಿಯಮಗಳ 660ನೆಯ ಅಧ್ಯಾಯದ 24ನೆಯ ವಿಭಾಗದಲ್ಲಿವೆ. ಇವೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆ ವಿಭಾಗವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಂಡೇ ಮುಂದಿನ ಹಂತಗಳನ್ನು ಓದುವುದು ಒಳ್ಳೆಯದು.

ಹಂತ 1: ನಿಮ್ಮ ಊರಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂದು ನೋಡಿ

ಮೊದಲ ಪ್ರಶ್ನೆ: ನಿಮ್ಮ ಊರು ಪೋರ್ಟ್‌ಲ್ಯಾಂಡ್ ಪ್ರದೇಶದ ಮೆಟ್ರೋ ಗಡಿಯ ಒಳಗಿದೆಯೇ? ಮೆಟ್ರೋ ಎಂದರೆ ಇಲ್ಲಿ ರೈಲಲ್ಲ. ವಾಷಿಂಗ್ಟನ್, ಮಲ್ಟ್ನೋಮಾ, ಕ್ಲಾಕಮಸ್ ಕೌಂಟಿಗಳ 24 ನಗರಗಳಿಗೆ ಸೇರಿದ, ಜನರೇ ಚುನಾಯಿಸುವ ಪ್ರಾದೇಶಿಕ ಸರ್ಕಾರ. ಈ 24 ನಗರಗಳಿಗೂ ಒಂದೇ ಗಡಿ. ಹಿಲ್ಸ್‌ಬರೋ ಅಥವಾ ಬೀವರ್ಟನ್ ನಗರಸಭೆ ತನ್ನಷ್ಟಕ್ಕೆ ಅದನ್ನು ಸರಿಸಲಾರದು. ನಗರ ಬೇಡಿಕೆ ಇಡಬಹುದು, ತೀರ್ಮಾನ ಮೆಟ್ರೋ ಕೌನ್ಸಿಲ್‌ನದು. ಕನಿಷ್ಠ ಆರು ವರ್ಷಕ್ಕೊಮ್ಮೆ ಮೆಟ್ರೋ ನಗರ ಬೆಳವಣಿಗೆ ವರದಿ ಸಿದ್ಧಪಡಿಸಿ ಮುಂದಿನ 20 ವರ್ಷಕ್ಕೆ ಭೂಮಿ ಸಾಕೇ ಎಂದು ಪರಿಶೀಲಿಸಬೇಕು. 2018ರ ಸುತ್ತಿನಲ್ಲಿ ಬೀವರ್ಟನ್, ಹಿಲ್ಸ್‌ಬರೋ, ಕಿಂಗ್ ಸಿಟಿ, ವಿಲ್ಸನ್‌ವಿಲ್‌ಗಳ ಅಂಚಿನಲ್ಲಿ ಒಟ್ಟು 2,000 ಎಕರೆಗೂ ಹೆಚ್ಚು ಭೂಮಿಯನ್ನು ಗಡಿಯೊಳಗೆ ತರಲು ತೀರ್ಮಾನವಾಯಿತು. 2024ರ ಡಿಸೆಂಬರ್‌ನಲ್ಲಿ ಮೆಟ್ರೋ ಕೌನ್ಸಿಲ್ ಶೆರ್ವುಡ್ ನಗರದ ಪಶ್ಚಿಮಕ್ಕಿರುವ 1,291 ಎಕರೆ ಪ್ರದೇಶವನ್ನು ಸೇರಿಸಲು ಒಪ್ಪಿತು.

ಮೆಟ್ರೋದ ಹೊರಗಿನ ಊರುಗಳಲ್ಲಿ, ಉದಾಹರಣೆಗೆ ಸೇಲಂ, ಬೆಂಡ್, ಮ್ಯಾಕ್‌ಮಿನ್‌ವಿಲ್‌ಗಳಲ್ಲಿ, ನಗರಸಭೆ ಮತ್ತು ಕೌಂಟಿ ಇಬ್ಬರೂ ಒಪ್ಪಬೇಕು. ಒಬ್ಬರು ಒಪ್ಪದಿದ್ದರೂ ಗಡಿ ಕದಲುವುದಿಲ್ಲ. ಆದ್ದರಿಂದ ಇಂಥ ಊರುಗಳಲ್ಲಿ ಕೌಂಟಿಯ ಸಭೆಗಳ ಮೇಲೂ ಕಣ್ಣಿಡಿ. ಈ ಹಂತಕ್ಕೆ ಇಷ್ಟು ಸಾಕು.

ಹಂತ 2: ಅಗತ್ಯದ ಲೆಕ್ಕ ಎಲ್ಲಿಂದ ಬಂತೆಂದು ಹುಡುಕಿ

ಗಡಿ ಹಿಗ್ಗಿಸಲು ನಗರ ಮೊದಲು ತೋರಿಸಬೇಕಾದದ್ದು ಅಗತ್ಯ. 20 ವರ್ಷಗಳ ಜನಸಂಖ್ಯಾ ಮುನ್ನಂದಾಜಿಗೆ ಅದು ಹೊಂದಿಕೊಂಡಿರಬೇಕು. ಈ ಮುನ್ನಂದಾಜನ್ನು ನಗರ ತಾನೇ ಬರೆದುಕೊಳ್ಳುವಂತಿಲ್ಲ. ಮೆಟ್ರೋದ ಹೊರಗೆ ಪೋರ್ಟ್‌ಲ್ಯಾಂಡ್ ರಾಜ್ಯ ವಿಶ್ವವಿದ್ಯಾಲಯದ ಜನಸಂಖ್ಯಾ ಸಂಶೋಧನಾ ಕೇಂದ್ರ ಅದನ್ನು ಸಿದ್ಧಪಡಿಸುತ್ತದೆ. ಮೆಟ್ರೋ ಪ್ರದೇಶಕ್ಕೆ ಮೆಟ್ರೋ ಸಂಸ್ಥೆಯೇ ಮಾಡುತ್ತದೆ. ಹಿಂದೆ ಒಂದೊಂದು ಊರೂ ತನ್ನ ಜನಸಂಖ್ಯೆ ದುಪ್ಪಟ್ಟಾಗುತ್ತದೆಂದು ಕನಸು ಕಂಡು ವರ್ಷಗಟ್ಟಲೆ ವ್ಯಾಜ್ಯ ನಡೆಸುತ್ತಿತ್ತು. 2013ರ ಕಾನೂನು ಆ ಜಗಳವನ್ನು ಬಹುಮಟ್ಟಿಗೆ ಮುಗಿಸಿತು.

ವಸತಿಯ ವಿಷಯದಲ್ಲಿ ನಿಯಮಗಳು ಈಚೆಗೆ ಬದಲಾಗಿವೆ. 10,000ಕ್ಕಿಂತ ಹೆಚ್ಚು ಜನರಿರುವ ನಗರಗಳು ವಸತಿ ಸಾಮರ್ಥ್ಯದ ವಿಶ್ಲೇಷಣೆಯನ್ನು ಗೊತ್ತಾದ ಅವಧಿಗೊಮ್ಮೆ ಮಾಡಬೇಕು: ಮೆಟ್ರೋದೊಳಗೆ ಆರು ವರ್ಷಕ್ಕೊಮ್ಮೆ, ಹೊರಗೆ ಎಂಟು ವರ್ಷಕ್ಕೊಮ್ಮೆ. 2023ರ ಕಾನೂನಿನ ನಂತರ ಯಾವ ನಗರಕ್ಕೆ ಎಷ್ಟು ಮನೆ ಬೇಕು, ಯಾವ ಆದಾಯದವರಿಗೆ ಎಷ್ಟು ಬೇಕು ಎಂಬುದನ್ನು ರಾಜ್ಯವೇ ಲೆಕ್ಕಹಾಕಿ ಹಂಚುತ್ತದೆ. ಜನಸಂಖ್ಯೆ ಎಷ್ಟು ಬೆಳೆದೀತು ಎಂದಷ್ಟೇ ನೋಡದೆ, ಈಗಾಗಲೇ ಬಿದ್ದಿರುವ ಮನೆಗಳ ಕೊರತೆಯನ್ನೂ ಮನೆಯಿಲ್ಲದವರ ಅಗತ್ಯವನ್ನೂ ಅದು ಸೇರಿಸಿಕೊಳ್ಳುತ್ತದೆ. ಇದು ಸ್ವಾಗತಾರ್ಹ ಬದಲಾವಣೆ. ಹಳೆಯ ಪದ್ಧತಿಯಲ್ಲಿ ಬಾಡಿಗೆ ಕಟ್ಟಲಾಗದೆ ಊರು ಬಿಟ್ಟವರು ಲೆಕ್ಕದಿಂದಲೂ ಮಾಯವಾಗುತ್ತಿದ್ದರು.

ನೀವು ಮಾಡಬೇಕಾದದ್ದು ಇಷ್ಟು: ನಗರದ ವರದಿಯಲ್ಲಿರುವ ಜನಸಂಖ್ಯೆ ಮತ್ತು ಮನೆಗಳ ಅಂಕಿಯನ್ನು ಅಧಿಕೃತ ಮೂಲದ ಅಂಕಿಯ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಆ ಅಂಕಿಯ ಮೇಲೆ ವಾದ ಹೂಡಿ ಶಕ್ತಿ ವ್ಯಯ ಮಾಡಬೇಡಿ. ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಗಡಿಯೊಳಗೆ ಖಾಲಿ ಇರುವ ಭೂಮಿಯನ್ನು ಎಣಿಸಿ

ಅಗತ್ಯದ ನಂತರ ದಾಸ್ತಾನು. ಕಟ್ಟಬಹುದಾದ ಭೂಮಿ ಗಡಿಯೊಳಗೆ ಎಷ್ಟಿದೆ ಎಂಬ ಪಟ್ಟಿಯನ್ನು ನಗರ ಸಿದ್ಧಪಡಿಸಬೇಕು. ಪೂರ್ತಿ ಖಾಲಿ ಇರುವ ಜಾಗ, ಭಾಗಶಃ ಖಾಲಿ ಇರುವ ಜಾಗ, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಸಂಭವ ಇರುವ ಜಾಗ ಮೂರೂ ಅದರಲ್ಲಿ ಬರಬೇಕು. ಶೇ. 25 ಅಥವಾ ಅದಕ್ಕಿಂತ ಕಡಿದಾದ ಇಳಿಜಾರು, ನೂರು ವರ್ಷದ ಪ್ರವಾಹ ವಲಯ (ಯಾವುದೇ ವರ್ಷ ಪ್ರವಾಹ ಬರುವ ಸಂಭವ ಶೇ. 1ರಷ್ಟಿರುವ ಜಾಗ), ಪರಿಸರ ಸಂರಕ್ಷಣೆಗೆ ಒಳಪಟ್ಟ ಜೌಗು ಮತ್ತು ಹೊಳೆದಂಡೆಗಳನ್ನು ಸಾಮಾನ್ಯವಾಗಿ ಕಟ್ಟಬಹುದಾದ ಭೂಮಿಯೆಂದು ಎಣಿಸುವುದಿಲ್ಲ. ಸರ್ಕಾರಿ ಭೂಮಿಯೂ ಸಾಮಾನ್ಯವಾಗಿ ವಸತಿ ಲೆಕ್ಕಕ್ಕೆ ಬರುವುದಿಲ್ಲ.

ಭಾಗಶಃ ಖಾಲಿ ಜಾಗಕ್ಕೆ ನಿಯಮವೇ ಒಂದು ಸುಲಭ ಸೂತ್ರ ಕೊಟ್ಟಿದೆ. ಅರ್ಧ ಎಕರೆ ಅಥವಾ ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಒಂದು ಮನೆಯಿದ್ದರೆ, ಆ ಮನೆಗೆ ಕಾಲು ಎಕರೆ ಬಿಟ್ಟು ಉಳಿದದ್ದನ್ನು ಖಾಲಿಯೆಂದು ಎಣಿಸಬಹುದು. ನಗರ ಈ ಸೂತ್ರ ಬಳಸಿದೆಯೋ, ಬೇರೆ ಅಳತೆ ಬಳಸಿದೆಯೋ ನೋಡಿ. ಬೇರೆಯದಾದರೆ ಅದಕ್ಕೆ ಕಾರಣ ಬರೆದಿರಬೇಕು.

ಇಲ್ಲಿ ಕಚೇರಿಯಲ್ಲಿ ಕೂತ ಸಲಹೆಗಾರರಿಗಿಂತ ನಿವಾಸಿಗಳಿಗೆ ಹೆಚ್ಚು ತಿಳಿದಿರುತ್ತದೆ. ಹತ್ತು ವರ್ಷದಿಂದ ಹಾಳುಬಿದ್ದ ಅಂಗಡಿ ಮಳಿಗೆಯ ವಾಹನ ನಿಲುಗಡೆ ಜಾಗ, ಮಾರಾಟಕ್ಕಿಟ್ಟ ಚರ್ಚಿನ ಹಿತ್ತಲು, ಕಾಗದದಲ್ಲಿ ಖಾಲಿ ಎಂದಿದ್ದರೂ ಮಳೆಗಾಲವೆಲ್ಲ ನೀರು ನಿಲ್ಲುವ ತಗ್ಗು. ಕೌಂಟಿಯ ಭೂ ನಕ್ಷೆಯಲ್ಲಿ ಆ ನಿವೇಶನಗಳ ತೆರಿಗೆ ಸಂಖ್ಯೆ ಗುರುತುಹಾಕಿ, ಛಾಯಾಚಿತ್ರ ತೆಗೆದು ದಿನಾಂಕ ಬರೆದಿಡಿ.

ಹಂತ 4: ಸಾಂದ್ರತೆಯ ಒಂದು ಅಂಕಿಯ ಮೇಲೆ ಬೆರಳಿಡಿ

ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದ ಹಂತ ಇದು. ಹೊರಗಿನ ಭೂಮಿಗೆ ಕೈ ಹಾಕುವ ಮೊದಲು, ಆ ಅಗತ್ಯವನ್ನು ಗಡಿಯೊಳಗಿನ ಭೂಮಿಯಲ್ಲಿ ಯುಕ್ತ ರೀತಿಯಲ್ಲಿ ಪೂರೈಸಲಾಗದು ಎಂದು ನಗರ ಸಾಬೀತು ಮಾಡಬೇಕು ಎನ್ನುತ್ತದೆ 14ನೆಯ ಗುರಿ. ಸಾಬೀತು ನಿಂತಿರುವುದು ಎಕರೆಗೆ ಎಷ್ಟು ಮನೆ ಎಂಬ ಊಹೆಯ ಮೇಲೆ.

ಒಂದು ಕಾಲ್ಪನಿಕ ನಗರದ ಲೆಕ್ಕ ನೋಡೋಣ. 20 ವರ್ಷಕ್ಕೆ 4,000 ಮನೆ ಬೇಕು. ಗಡಿಯೊಳಗೆ ಕಟ್ಟಬಹುದಾದ 400 ಎಕರೆ ಇದೆ. ಒಳಗೆ ಎಕರೆಗೆ 6 ಮನೆಯಂತೆ ಹಿಡಿದರೆ 2,400 ಮನೆ ಹಿಡಿಸುತ್ತದೆ, 1,600 ಕೊರತೆ. ಹೊರಗಿನ ಹೊಸ ಭೂಮಿಯಲ್ಲಿ ಎಕರೆಗೆ 8 ಮನೆಯಂತೆ 200 ಎಕರೆ ಬೇಕು. ರಸ್ತೆ, ಉದ್ಯಾನ, ಶಾಲೆಗಳಿಗೆ ನಿಯಮ ಒಪ್ಪುವ ಶೇ. 25 ಸೇರಿಸಿದರೆ 250 ಎಕರೆ ವಿಸ್ತರಣೆ. ಈಗ ಒಳಗಿನ ಸಾಂದ್ರತೆಯನ್ನೂ ಎಕರೆಗೆ 8 ಮಾಡಿ. ಒಳಗೆ 3,200 ಮನೆ ಹಿಡಿಸುತ್ತದೆ, ಕೊರತೆ 800. ಹೊರಗೆ ಬೇಕಾದದ್ದು 125 ಎಕರೆ. ಒಳಗೆ 10 ಮಾಡಿದರೆ? ಕೊರತೆಯೇ ಇಲ್ಲ, ಗಡಿ ಇದ್ದಲ್ಲೇ ಇರುತ್ತದೆ.

ಜನಸಂಖ್ಯೆ ಬದಲಾಗಲಿಲ್ಲ, ಭೂಮಿ ಬದಲಾಗಲಿಲ್ಲ. ಒಂದು ಕೋಷ್ಟಕದ ಒಂದು ಅಂಕಿ ಬದಲಾಗಿ 250 ಎಕರೆ ಹೊಲ ಉಳಿಯಿತು ಅಥವಾ ಹೋಯಿತು. ಇದಕ್ಕೇ ನಾನು ಆರಂಭದಿಂದ ಕೋಷ್ಟಕ, ಕೋಷ್ಟಕ ಎನ್ನುತ್ತಿರುವುದು.

ಊಹೆ ಎರಡೂ ದಿಕ್ಕಿಗೆ ತಪ್ಪಬಹುದೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮಾರುಕಟ್ಟೆ ಎಂದೂ ಕಟ್ಟದ ಸಾಂದ್ರತೆಯನ್ನು ಕಾಗದದಲ್ಲಿ ಬರೆದು ಗಡಿ ಬಿಗಿಹಿಡಿದರೆ ಮನೆ ಏಳುವುದಿಲ್ಲ, ಬಾಡಿಗೆ ಏರುತ್ತದೆ. ಆದ್ದರಿಂದ ಕಳೆದ ಕೆಲವು ವರ್ಷಗಳಲ್ಲಿ ಊರಿನಲ್ಲಿ ನಿಜವಾಗಿ ಕಟ್ಟಿದ ಸಾಂದ್ರತೆ ಎಷ್ಟು ಎಂದು ಕೇಳಿ ಪಡೆಯಿರಿ. 2019ರ ಕಾನೂನು ಈ ಲೆಕ್ಕವನ್ನು ಇನ್ನಷ್ಟು ಬದಲಿಸಿದೆ: 10,000ಕ್ಕಿಂತ ಹೆಚ್ಚು ಜನರಿರುವ ನಗರಗಳು ಒಂಟಿ ಮನೆಯ ನಿವೇಶನಗಳಲ್ಲಿ ಜೋಡಿಮನೆಗೆ ಅವಕಾಶ ಕೊಡಲೇಬೇಕು, 25,000 ದಾಟಿದ ನಗರಗಳು ಮತ್ತು ಮೆಟ್ರೋ ಪ್ರದೇಶದ ನಗರಗಳು ಸಾಮಾನ್ಯವಾಗಿ ಮೂರು, ನಾಲ್ಕು ಮನೆಗಳ ಕಟ್ಟಡಗಳಿಗೂ ಸಾಲುಮನೆಗಳಿಗೂ ಅವಕಾಶ ಕೊಡಬೇಕು. ನಗರದ ವರದಿ ಇದರ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎಂದು ಪರಿಶೀಲಿಸಿ.

ಈ ಹಂತವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೆಂಡ್ ನಗರ ಸಾಕ್ಷಿ. ಅದು 2009ರಲ್ಲಿ 8,000 ಎಕರೆಗೂ ಮೀರಿದ ವಿಸ್ತರಣೆಯ ಪ್ರಸ್ತಾವ ಕಳಿಸಿತು. 2010ರಲ್ಲಿ ರಾಜ್ಯ ಆಯೋಗ ಅದನ್ನು ಹಿಂದಿರುಗಿಸಿತು. ನಗರ ಮತ್ತೆ ಕುಳಿತು, ಊರೊಳಗೆ ಹೆಚ್ಚು ಮನೆ ಮತ್ತು ಉದ್ಯೋಗ ತುಂಬಬಹುದಾದ ಪ್ರದೇಶಗಳನ್ನು ಗುರುತಿಸಿ, 2016ರಲ್ಲಿ ಸುಮಾರು 2,380 ಎಕರೆಯ ಹೊಸ ಪ್ರಸ್ತಾವ ತಂದಿತು. ಅದಕ್ಕೆ ಅದೇ ವರ್ಷ ರಾಜ್ಯದ ಒಪ್ಪಿಗೆ ಸಿಕ್ಕಿತು. ಮೊದಲೇ ಹೀಗೆ ಮಾಡಿದ್ದರೆ ಇಷ್ಟು ವರ್ಷ ಮನೆಗಾಗಿ ಕಾದವರ ಕಾಲ ಉಳಿಯುತ್ತಿತ್ತು.

ಹಂತ 5: ಅಧ್ಯಯನ ಪ್ರದೇಶದ ನಕ್ಷೆಯನ್ನು ಪರಿಶೀಲಿಸಿ

ಕೊರತೆ ನಿಜವೆಂದು ಸಾಬೀತಾದ ಮೇಲೆ ನಗರ ತನಗೆ ಇಷ್ಟವಾದ ಹೊಲವನ್ನು ನೇರ ಆರಿಸುವಂತಿಲ್ಲ. ಮೊದಲು ಸುತ್ತಲೂ ಒಂದು ಅಧ್ಯಯನ ಪ್ರದೇಶವನ್ನು ಗುರುತಿಸಬೇಕು. ಮೆಟ್ರೋದ ಹೊರಗಿನ ನಗರಗಳಿಗೆ ಅಳತೆ ನಿಗದಿಯಾಗಿದೆ. ಗಡಿಯೊಳಗೆ 10,000ಕ್ಕಿಂತ ಕಡಿಮೆ ಜನರಿದ್ದರೆ ಗಡಿಯಿಂದ ಅರ್ಧ ಮೈಲಿಯೊಳಗಿನ ಎಲ್ಲ ಭೂಮಿ, 10,000 ಅಥವಾ ಹೆಚ್ಚಿದ್ದರೆ ಒಂದು ಮೈಲಿಯೊಳಗಿನ ಎಲ್ಲ ಭೂಮಿ. ಅದಕ್ಕೆ ತಾಗಿಕೊಂಡ ಗ್ರಾಮೀಣ ವಸತಿ ಪ್ರದೇಶಗಳಿದ್ದರೆ ಈ ದೂರ ಇನ್ನೂ ಅರ್ಧ ಮೈಲಿ ಹೆಚ್ಚುತ್ತದೆ. ಮುಂದಿನ ಬೆಳವಣಿಗೆಗೆಂದು ಗುರುತಿಸಿಟ್ಟ ನಗರ ಮೀಸಲು ಭೂಮಿ ಇದ್ದರೆ ಅದೆಲ್ಲವೂ ಸೇರಬೇಕು.

ಇದರಿಂದ ಕೆಲವು ಜಾಗಗಳನ್ನು ಕೈಬಿಡಬಹುದು: ನೀರು, ಒಳಚರಂಡಿ, ರಸ್ತೆ ಒದಗಿಸುವುದು ಅಸಾಧ್ಯವೆನ್ನುವಷ್ಟು ಕಷ್ಟವಾದದ್ದು, ಭೂಕುಸಿತ, ಪ್ರವಾಹ ಅಥವಾ ಸುನಾಮಿಯ ಅಪಾಯವಿರುವುದು, ಇನ್ನು ಕೆಲವು ಸಂರಕ್ಷಿತ ಪ್ರದೇಶಗಳು. ಇವನ್ನು ಬಿಟ್ಟ ಮೇಲೂ ಅಧ್ಯಯನ ಪ್ರದೇಶದಲ್ಲಿ ಕೊರತೆಯ ಕನಿಷ್ಠ ಎರಡರಷ್ಟು ಭೂಮಿ ಇರಬೇಕು. ಆಯ್ಕೆಗೆ ನಿಜವಾದ ಅವಕಾಶ ಇರಲಿ ಎಂಬುದು ಉದ್ದೇಶ. ಪ್ರಸ್ತಾವಗಳು ಹಲವು ವೇಳೆ ಮುಗ್ಗರಿಸುವುದು ಈ ಕೈಬಿಡುವ ಪಟ್ಟಿಯಲ್ಲಿ. ಪ್ರಭಾವಿಗಳ ವಾಸವಿರುವ ಗುಡ್ಡದ ಬದಿ ಯಾವ ಕಾರಣಕ್ಕೆ ಪಟ್ಟಿಯಿಂದ ಹೊರಬಿತ್ತು ಎಂದು ಕೇಳುವ ಹಕ್ಕು ನಿಮಗಿದೆ. ಕಾರಣ ಲಿಖಿತವಾಗಿ ಇರಲೇಬೇಕು.

ಹಂತ 6: ಆದ್ಯತೆಯ ಸರದಿ

ಈಗ ಯಾವ ಭೂಮಿ ಮೊದಲು ಎಂಬ ಪ್ರಶ್ನೆ. ಮೆಟ್ರೋದ ಹೊರಗೆ ಸರದಿ ಹೀಗಿದೆ.

ಮೊದಲು, ಮುಂದಿನ ಬೆಳವಣಿಗೆಗೆಂದೇ ಗುರುತಿಸಿಟ್ಟ ನಗರ ಮೀಸಲು ಭೂಮಿ. ಈಗಾಗಲೇ ಐದು, ಹತ್ತು ಎಕರೆ ತುಂಡುಗಳಾಗಿ ಮನೆ ಎದ್ದಿರುವ ಗ್ರಾಮೀಣ ವಸತಿ ಭೂಮಿ. ಕೃಷಿಗೂ ಅರಣ್ಯಕ್ಕೂ ಸಲ್ಲದ ಭೂಮಿ. ಎರಡನೆಯದು, ಕಾನೂನು ಅಂಚಿನ ಭೂಮಿಯೆಂದು ಗುರುತಿಸಿದ ಬಡ ನೆಲ. ಇದು ಇರುವುದು ಕೆಲವೇ ಕಡೆ. ಮೂರನೆಯದು, ಅತ್ಯುತ್ತಮವಲ್ಲದ ಕೃಷಿ ಮತ್ತು ಅರಣ್ಯ ಭೂಮಿ. ಕಟ್ಟಕಡೆಗೆ, ಹೆಚ್ಚು ಮೌಲ್ಯದ ಕೃಷಿ ಭೂಮಿ. ಅದರಲ್ಲೂ ಶ್ರೇಷ್ಠ ಮಣ್ಣನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಮುಟ್ಟಬೇಕು. ಒಂದು ಆದ್ಯತೆಯ ಭೂಮಿ ಸಾಲದಾದಾಗಲೇ ಮುಂದಿನದಕ್ಕೆ ಇಳಿಯಬೇಕು. ಮೆಟ್ರೋದೊಳಗೆ ಸರದಿ ಸ್ವಲ್ಪ ಬೇರೆ: ಅಲ್ಲಿ ನಗರ ಮೀಸಲು ಭೂಮಿಯೊಂದೇ ಮೊದಲ ಸ್ಥಾನದಲ್ಲಿದೆ. 2007ರ ಕಾನೂನಿನಡಿ ಮುಂದಿನ 40–50 ವರ್ಷಗಳಿಗೆ ಯಾವುದು ನಗರಕ್ಕೆ, ಯಾವುದು ಕೃಷಿಗೆ ಎಂದು ಮೀಸಲುಗಳನ್ನು ಗುರುತಿಸಲಾಯಿತು. ಅದರ ಮೇಲೂ ವ್ಯಾಜ್ಯ ನಡೆದು, 2014ರಲ್ಲಿ ಶಾಸಕಾಂಗ ಮಧ್ಯೆ ಬಂದು ವಾಷಿಂಗ್ಟನ್ ಕೌಂಟಿಯ ಭಾಗವನ್ನು ಕಾನೂನಿನಲ್ಲೇ ಬರೆಯಿತು.

ಸರದಿ ಓದಲು ಸರಳ, ನಡೆಸಲು ಕಷ್ಟ. ಮೊದಲ ಸಾಲಿನ ಗ್ರಾಮೀಣ ವಸತಿ ಭೂಮಿ ಬಹಳ ಕಡೆ ಗುಡ್ಡದ ಮೇಲಿದೆ, ತುಂಡುತುಂಡಾಗಿದೆ. ಅಲ್ಲಿನವರು ಶಾಂತಿ ಬಯಸಿ ಹೋದವರು, ಮಾರಲು ಒಪ್ಪುವುದಿಲ್ಲ. ಕೊಳವೆ ಎಳೆಯಲು ಖರ್ಚು ಹೆಚ್ಚು. ಪಕ್ಕದ ಸಮತಟ್ಟಾದ ಗೋಧಿ ಹೊಲ ಒಬ್ಬನೇ ಒಡೆಯನದು, ಕಟ್ಟಲು ಅಗ್ಗ. ಡೆವಲಪರ್‌ಗೆ ಅದೇ ಬೇಕು, ಎಷ್ಟೋ ಸಲ ನಗರಕ್ಕೂ ಅದೇ ಬೇಕು. ಒಳ್ಳೆಯ ಮಣ್ಣನ್ನು ಕಾಯಲು ಅತ್ಯಂತ ಕಷ್ಟದ ನೆಲದಲ್ಲಿ ಮನೆ ಕಟ್ಟಿ ಎನ್ನುವುದು ಈ ನಿಯಮದ ನಿಜವಾದ ಬೇಡಿಕೆ. ನಾನು ಆ ಬೇಡಿಕೆಯ ಪರ. ಮನೆಯನ್ನು ಗುಡ್ಡದ ಮೇಲೂ ಕಟ್ಟಬಹುದು. ಕಣಿವೆಯ ಮಣ್ಣು ಸಾವಿರಾರು ವರ್ಷಗಳ ಪ್ರವಾಹಗಳು ತಂದು ಹಾಸಿದ್ದು, ಒಮ್ಮೆ ಡಾಂಬರಿನಡಿ ಹೋದರೆ ಮರಳಿ ಬಾರದು.

ಆದರೂ ನಿಯಮ ಕಣ್ಣುಮುಚ್ಚಿಕೊಂಡಿಲ್ಲ. ಮೊದಲ ಸಾಲಿನ ಪ್ರದೇಶವು ಬಹುತೇಕ ಎರಡು ಎಕರೆ ಅಥವಾ ಅದಕ್ಕಿಂತ ಚಿಕ್ಕ ತುಂಡುಗಳಾಗಿದ್ದರೆ, 20 ವರ್ಷದಲ್ಲಿ ಅದು ಅಗತ್ಯ ಪೂರೈಸದು ಎಂದು ನಗರ ವಾದಿಸಿ ಅದನ್ನು ದಾಟಬಹುದು. ಹೀಗೆ ದಾಟಿದ ಪ್ರತಿಯೊಂದು ಪ್ರದೇಶಕ್ಕೂ ಆಧಾರ ಸಮೇತ ಕಾರಣ ಬೇಕು. ನೀವು ಕೌಂಟಿಯ ನಕ್ಷೆಯಲ್ಲಿ ತುಂಡುಗಳ ಅಳತೆ ನೋಡಿ, ಕೇಂದ್ರ ಕೃಷಿ ಇಲಾಖೆಯ ಉಚಿತ ಮಣ್ಣಿನ ನಕ್ಷೆಯಲ್ಲಿ ಮಣ್ಣಿನ ವರ್ಗ ನೋಡಿ, ನಗರದ ಹೇಳಿಕೆಯೊಂದಿಗೆ ಹೋಲಿಸಿ. ಒಂದನೆಯ ಮತ್ತು ಎರಡನೆಯ ವರ್ಗದ ಮಣ್ಣು, ಅಂದರೆ ಕೃಷಿಗೆ ಅತ್ಯುತ್ತಮವಾದದ್ದು, ಕಂಡರೆ ಅಲ್ಲಿ ನಿಲ್ಲಿ.

ಮ್ಯಾಕ್‌ಮಿನ್‌ವಿಲ್ ನಗರದ ಕಥೆ ಈ ಸರದಿಯ ಮೇಲೇ ನಿಂತಿದೆ. 2003ರಲ್ಲಿ ಆರಂಭವಾದ ಅದರ ವಿಸ್ತರಣೆಗೆ ರಾಜ್ಯ ಆಯೋಗ ಒಪ್ಪಿಗೆ ಕೊಟ್ಟಿತು. ಆದರೆ ಆದ್ಯತೆಯ ನಿಯಮವನ್ನು ಸರಿಯಾದ ಕ್ರಮದಲ್ಲಿ ಅನ್ವಯಿಸಿಲ್ಲವೆಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹಿಂದಕ್ಕೆ ಕಳಿಸಿತು. ನಗರ ಕೊನೆಗೆ ಹೊಸ ಗಡಿಯನ್ನು ಅಂಗೀಕರಿಸಿದ್ದು 2020ರ ಡಿಸೆಂಬರ್‌ನಲ್ಲಿ.

ಹಂತ 7: ಒಂದೇ ಸಾಲಿನ ಭೂಮಿಗಳ ನಡುವೆ ಆಯ್ಕೆ

ಒಂದೇ ಆದ್ಯತೆಯ ಭೂಮಿ ಬೇಕಾದ್ದಕ್ಕಿಂತ ಹೆಚ್ಚಿದ್ದರೆ 14ನೆಯ ಗುರಿಯ ನಾಲ್ಕು ಅಂಶಗಳನ್ನು ತೂಗಬೇಕು: ಅಗತ್ಯವನ್ನು ದಕ್ಷವಾಗಿ ಪೂರೈಸುವ ಸಾಮರ್ಥ್ಯ, ನೀರು, ಚರಂಡಿ, ರಸ್ತೆಗಳನ್ನು ಕ್ರಮವಾಗಿ, ಮಿತವ್ಯಯದಲ್ಲಿ ಒದಗಿಸುವ ಸಾಧ್ಯತೆ, ಪರಿಸರ, ಇಂಧನ, ಆರ್ಥಿಕ, ಸಾಮಾಜಿಕ ಪರಿಣಾಮಗಳ ಹೋಲಿಕೆ, ಗಡಿಯಾಚೆ ಉಳಿಯುವ ಹೊಲ, ಕಾಡುಗಳ ಕೆಲಸಕ್ಕೆ ಆಗುವ ತೊಡಕು. ಯಾವುದೇ ಒಂದು ಅಂಶವನ್ನೇ ಹಿಡಿದು ತೀರ್ಮಾನಿಸುವಂತಿಲ್ಲ, ನಾಲ್ಕನ್ನೂ ಒಟ್ಟಾಗಿ ನೋಡಬೇಕು. ಎರಡನೆಯ ಅಂಶವನ್ನು ಕಡೆಗಣಿಸಬೇಡಿ. ಮೆಟ್ರೋದ 2002ರ ವಿಸ್ತರಣೆಯಲ್ಲಿ 18,000 ಎಕರೆಗೂ ಹೆಚ್ಚು ಭೂಮಿ ಒಳಗೆ ಬಂತು. ಅದರ ದೊಡ್ಡ ಪಾಲು ಕ್ಲಾಕಮಸ್ ಕೌಂಟಿಯ ಡಮಾಸ್ಕಸ್ ಸುತ್ತಮುತ್ತ. ಅಲ್ಲಿ ಕೊಳವೆ, ರಸ್ತೆ, ಆಡಳಿತ ಯಾವುದೂ ಸಿದ್ಧವಿರಲಿಲ್ಲ. ಅದಾದ ಎರಡು ದಶಕಗಳಲ್ಲಿ ನಿರೀಕ್ಷಿಸಿದ ನಗರ ಅಲ್ಲಿ ಏಳಲಿಲ್ಲ. ಈಗ ಮೆಟ್ರೋ ಪ್ರದೇಶದ ನಗರಗಳು ಮೀಸಲು ಭೂಮಿ ಕೇಳುವ ಮೊದಲು, ಅಲ್ಲಿ ಏನು ಕಟ್ಟುತ್ತೇವೆ, ಅದಕ್ಕೆ ಹಣ ಎಲ್ಲಿಂದ ಎಂಬ ಪರಿಕಲ್ಪನಾ ಯೋಜನೆ ತರಬೇಕು.

ಹಂತ 8: ಕಾಲಮಿತಿಗಳನ್ನು ಗೋಡೆಗೆ ಅಂಟಿಸಿ

ಪ್ರಸ್ತಾವ ಸಿದ್ಧವಾದ ಮೇಲೆ, ಸಾಕ್ಷ್ಯ ಪಡೆಯುವ ಮೊದಲ ವಿಚಾರಣೆಗೆ ಕನಿಷ್ಠ 35 ದಿನ ಮೊದಲು ನಗರ ಡಿಎಲ್‌ಸಿಡಿಗೆ ಸೂಚನೆ ಕಳಿಸಬೇಕು. ಇಂಥ ಸೂಚನೆಗಳ ಪಟ್ಟಿಯನ್ನು ಇಲಾಖೆ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಮನೆಗೆ ಪತ್ರ ಬರುವವರೆಗೆ ಕಾಯದೆ ಆ ಪಟ್ಟಿಯನ್ನೇ ನೋಡುತ್ತಿರಿ. ಮೆಟ್ರೋದ ಹೊರಗೆ ನಗರದ ಯೋಜನಾ ಆಯೋಗ ವಿಚಾರಣೆ ನಡೆಸಿ ಶಿಫಾರಸು ಮಾಡುತ್ತದೆ, ನಗರಸಭೆ ಮತ್ತೊಮ್ಮೆ ವಿಚಾರಿಸಿ ತೀರ್ಮಾನಿಸುತ್ತದೆ, ನಂತರ ಕೌಂಟಿ. ಮೆಟ್ರೋದೊಳಗೆ ತೀರ್ಮಾನ ಮೆಟ್ರೋ ಕೌನ್ಸಿಲ್‌ನದು.

ಈ ವಿಚಾರಣೆಗಳಲ್ಲಿ ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ನೀವು ಪಾಲ್ಗೊಂಡಿರಲೇಬೇಕು. ಪಾಲ್ಗೊಳ್ಳದವರಿಗೆ ಮುಂದೆ ಆಕ್ಷೇಪಿಸುವ ಹಕ್ಕಿಲ್ಲ. ಒಂದು ಪುಟದ ಪತ್ರವಾದರೂ ಸಾಕು. ಅದು ದಾಖಲೆಗೆ ಸೇರಿತೆಂಬ ಲಿಖಿತ ಉತ್ತರ ಪಡೆದುಕೊಳ್ಳಿ.

ಹಂತ 9: ಆಕ್ಷೇಪಣೆಯನ್ನು ಸರಿಯಾಗಿ ಬರೆಯಿರಿ

ತೀರ್ಮಾನ ಎಲ್ಲಿಗೆ ಹೋಗುತ್ತದೆ ಎಂಬುದು ವಿಸ್ತರಣೆಯ ಗಾತ್ರದ ಮೇಲೆ ನಿಂತಿದೆ. ಗಡಿಯೊಳಗೆ 2,500 ಅಥವಾ ಹೆಚ್ಚು ಜನರಿರುವ ನಗರ 50 ಎಕರೆಗಿಂತ ಹೆಚ್ಚು ಸೇರಿಸಿದರೆ, ಅಥವಾ ಮೆಟ್ರೋ 100 ಎಕರೆಗಿಂತ ಹೆಚ್ಚು ಸೇರಿಸಿದರೆ, ರಾಜ್ಯ ಇಲಾಖೆ ಮತ್ತು ಆಯೋಗ ಪರಿಶೀಲಿಸುತ್ತವೆ. ಅದಕ್ಕಿಂತ ಚಿಕ್ಕದಾದರೆ 1979ರಲ್ಲಿ ಸ್ಥಾಪನೆಯಾದ ಮೂವರು ಸದಸ್ಯರ ಭೂ ಬಳಕೆ ಮೇಲ್ಮನವಿ ಮಂಡಳಿಗೆ, ಅಂದರೆ ಲೂಬಾಕ್ಕೆ, ಹೋಗಬೇಕು. ಎರಡೂ ಕಡೆ ನಿಮಗೆ ಸಿಗುವುದು 21 ದಿನ. ಲೂಬಾದಲ್ಲಿ ವ್ಯಕ್ತಿಯೊಬ್ಬರು ತಮ್ಮ ಪರವಾಗಿ ತಾವೇ ವಾದಿಸಬಹುದು. ಸಂಘ ಸಂಸ್ಥೆಗಳಿಗೆ ವಕೀಲರು ಬೇಕು. ಅದರಾಚೆ ರಾಜ್ಯದ ಮೇಲ್ಮನವಿ ನ್ಯಾಯಾಲಯ.

ಇಲಾಖೆಗೆ ಸಲ್ಲಿಸುವ ಆಕ್ಷೇಪಣೆ ಊರ್ಜಿತವಾಗಲು ನಾಲ್ಕು ಸಂಗತಿ ಬೇಕು. ಅದು ಲಿಖಿತವಾಗಿ 21 ದಿನದೊಳಗೆ ಸಲ್ಲಿಕೆಯಾಗಿರಬೇಕು. ಪ್ರಸ್ತಾವದ ಯಾವ ಭಾಗ, ಯಾವ ನಿಯಮ ಅಥವಾ ಗುರಿಯನ್ನು ಮೀರಿದೆ ಎಂದು ಹೇಳಬೇಕು. ಅದನ್ನು ಹೇಗೆ ತಿದ್ದಬೇಕೆಂದು ಸೂಚಿಸಬೇಕು. ಸ್ಥಳೀಯ ವಿಚಾರಣೆಯಲ್ಲಿ ನೀವು ಪಾಲ್ಗೊಂಡಿದ್ದಿರೆಂದು ತೋರಿಸಬೇಕು.

“ವಾಹನ ದಟ್ಟಣೆ ಹೆಚ್ಚುತ್ತದೆ, ಊರಿನ ಸೊಬಗು ಹಾಳಾಗುತ್ತದೆ, ದಯವಿಟ್ಟು ಬೇಡ” ಎಂದು ನೂರು ಜನ ಬರೆದರೂ ಈ ತಕ್ಕಡಿಯಲ್ಲಿ ತೂಕವಿಲ್ಲ. ಹೀಗೆ ಬರೆಯಿರಿ: “ವರದಿಯ ಇಂಥ ಪುಟದ ಇಂಥ ಕೋಷ್ಟಕದಲ್ಲಿ ಉತ್ತರದ ಗ್ರಾಮೀಣ ವಸತಿ ಪ್ರದೇಶವನ್ನು ತುಂಡುಗಳು ಚಿಕ್ಕವೆಂಬ ಕಾರಣಕ್ಕೆ ಬಿಟ್ಟಿದೆ. ಲಗತ್ತಿಸಿದ ಕೌಂಟಿ ನಕ್ಷೆಯ ಪ್ರಕಾರ ಅಲ್ಲಿನ ಬಹುಪಾಲು ತುಂಡುಗಳು ಎರಡು ಎಕರೆಗಿಂತ ದೊಡ್ಡವು. ಇದು ಆದ್ಯತೆಯ ನಿಯಮಕ್ಕೆ ವಿರುದ್ಧ. ಆ ಪ್ರದೇಶವನ್ನು ಮರುಪರಿಶೀಲಿಸಿ, ಅದು ಪೂರೈಸುವಷ್ಟು ಎಕರೆಯನ್ನು ದಕ್ಷಿಣದ ಕೃಷಿ ಭೂಮಿಯಿಂದ ಕಡಿಮೆ ಮಾಡಬೇಕು.” ಪತ್ರ ಇಂಗ್ಲಿಷಿನಲ್ಲಿರಬೇಕಾಗುತ್ತದೆ. ಮಾತನಾಡಲು ದುಭಾಷಿ ಬೇಕಾದರೆ ವಿಚಾರಣೆಗೆ ಸಾಕಷ್ಟು ಮೊದಲೇ ನಗರದ ಕಚೇರಿಯನ್ನು ಕೇಳಿ; ಕನ್ನಡ ಮಾತ್ರ ಬಲ್ಲ ಹಿರಿಯರ ಮಾತೂ ದಾಖಲೆಗೆ ಸೇರಲಿ.

ವಿಸ್ತರಣೆಯ ಪರವಾಗಿರುವವರಿಗೂ ಇದೇ ಮಾದರಿ. ಕೈಗೆಟುಕುವ ಮನೆಗಳ ಕೊರತೆಯ ಅಂಕಿ, ನಿಜವಾಗಿ ಕಟ್ಟಿದ ಸಾಂದ್ರತೆ, ಒಳಗಿನ ಖಾಲಿ ಜಾಗ ಏಕೆ ಕಟ್ಟಲಾಗದ್ದು ಎಂಬ ಪುರಾವೆ, ಇವು ದಾಖಲೆಯಲ್ಲಿದ್ದರೆ ಪ್ರಸ್ತಾವ ಮೇಲ್ಮನವಿಯಲ್ಲಿ ಬಾಳುತ್ತದೆ.

ಅಡ್ಡದಾರಿಗಳಲ್ಲದ ಒಳದಾರಿಗಳು

ಎಲ್ಲ ವಿಸ್ತರಣೆಯೂ ಈ ಉದ್ದದ ದಾರಿ ಹಿಡಿಯುವುದಿಲ್ಲ. ಮೆಟ್ರೋದ ಹೊರಗಿನ ನಗರಗಳಿಗೆ 2013ರ ಕಾನೂನಿನಡಿ ಸರಳೀಕೃತ ವಿಧಾನವೊಂದಿದೆ. ಅದರಲ್ಲಿ 20ರ ಬದಲು 14 ವರ್ಷಗಳ ಅಗತ್ಯವನ್ನು ಲೆಕ್ಕಹಾಕುತ್ತಾರೆ. ಇನ್ನೊಂದು, ವಿನಿಮಯ: ಬಳಕೆಯಾಗದೆ ಉಳಿದ ಭೂಮಿಯನ್ನು ಗಡಿಯಿಂದ ಹೊರಹಾಕಿ ಸರಿಸಮವಾದ ಬೇರೆ ಭೂಮಿಯನ್ನು ಒಳತರುವುದು. 2023ರಲ್ಲಿ ಟೈಗರ್ಡ್ ನಗರದ ಅಂಚಿನಲ್ಲಿ ಸುಮಾರು 500 ಎಕರೆಯನ್ನು ಮೆಟ್ರೋ ಹೀಗೆ ಸೇರಿಸಿ, ಕ್ಲಾಕಮಸ್ ಕೌಂಟಿಯಲ್ಲಿ ಅಭಿವೃದ್ಧಿ ಕಾಣದ ಭೂಮಿಯನ್ನು ಹೊರಗೆ ಬಿಟ್ಟಿತು. ಇದು ನನಗೆ ಬಹಳ ವಿವೇಕದ ದಾರಿಯಾಗಿ ಕಾಣುತ್ತದೆ.

ಮೂರನೆಯದು 2024ರ ಸೆನೆಟ್ ಮಸೂದೆ 1537. ಮನೆಗಳ ಅಭಾವ ತೀವ್ರವಾಗಿರುವ ನಗರಗಳಿಗೆ ಒಮ್ಮೆ ಮಾತ್ರ ಚಿಕ್ಕ ವಿಸ್ತರಣೆಗೆ ಅದು ಅವಕಾಶ ಕೊಟ್ಟಿದೆ: 25,000ಕ್ಕಿಂತ ಕಡಿಮೆ ಜನರಿದ್ದರೆ 50 ಎಕರೆ, ಹೆಚ್ಚಿದ್ದರೆ 100 ಎಕರೆ ನಿವ್ವಳ ವಸತಿ ಭೂಮಿಯವರೆಗೆ. ಕಟ್ಟುವ ಮನೆಗಳಲ್ಲಿ ಶೇ. 30ರಷ್ಟು ಕೈಗೆಟುಕುವ ಬೆಲೆಯವಾಗಿರಬೇಕು, ನಗರ ಮೀಸಲಿಗೆ ಸೇರದ ಕೃಷಿ ಭೂಮಿಯನ್ನು ಮುಟ್ಟುವಂತಿಲ್ಲ. ನಿಮ್ಮ ನಗರ ಇದನ್ನು ಬಳಸುತ್ತಿದ್ದರೆ ಮೇಲಿನ ಹಲವು ಹಂತಗಳು ಅನ್ವಯಿಸುವುದಿಲ್ಲ. ಷರತ್ತುಗಳು ಪೂರೈಕೆಯಾಗಿವೆಯೇ ಎಂಬುದರ ಮೇಲೆ ಗಮನವಿಡಿ.

ಹಂತ 10: ಗೆರೆ ಸರಿದ ಮೇಲೆ

ಗಡಿಯೊಳಗೆ ಬಂದ ಮಾತ್ರಕ್ಕೆ ಹೊಲ ಬಡಾವಣೆಯಾಗುವುದಿಲ್ಲ. ವಿವರವಾದ ಯೋಜನೆ, ಹೊಸ ವಲಯ, ಬಹುತೇಕ ಕಡೆ ನಗರಕ್ಕೆ ಸೇರ್ಪಡೆ, ನಂತರ ಕೊಳವೆ ಮತ್ತು ರಸ್ತೆ ಆಗಬೇಕು. ಅಲ್ಲಿಯವರೆಗೆ ಅದು ಕೌಂಟಿಯ ಹಳೆಯ ವಲಯ ನಿಯಮದಲ್ಲೇ ಮುಂದುವರಿಯುವುದು ಸಾಮಾನ್ಯ. ಈಗ ಅನೇಕ ಭಾರತೀಯ ಕುಟುಂಬಗಳು ವಾಸಿಸುವ ನಾರ್ತ್ ಬೆಥನಿ ಗಡಿಯೊಳಗೆ ಬಂದದ್ದು 2002ರಲ್ಲಿ. ಮನೆಗಳು ಏಳತೊಡಗಲು ಸುಮಾರು ಒಂದು ದಶಕ ಹಿಡಿಯಿತು.

ಆದ್ದರಿಂದ ಗಡಿಯಂಚಿನಲ್ಲಿ ಮನೆ ಅಥವಾ ಜಮೀನು ಕೊಳ್ಳುವವರು “ಸದ್ಯದಲ್ಲೇ ಒಳಗೆ ಬರುತ್ತದೆ” ಎಂಬ ಮಾತನ್ನು ನಂಬಿ ಹಣ ಹಾಕಬೇಡಿ. ಆ ಜಾಗ ನಗರ ಮೀಸಲಿನಲ್ಲಿದೆಯೋ ಕೃಷಿ ಮೀಸಲಿನಲ್ಲಿದೆಯೋ ನೋಡಿ. ನಗರದ ಇತ್ತೀಚಿನ ವಸತಿ ಸಾಮರ್ಥ್ಯ ವಿಶ್ಲೇಷಣೆ ಕೊರತೆ ತೋರಿಸಿದೆಯೇ ನೋಡಿ. ಒಳಚರಂಡಿಯ ಮುಖ್ಯ ಕೊಳವೆ ಎಲ್ಲಿಯವರೆಗೆ ಬಂದಿದೆ, ಅದರ ಮುಂದಿನ ಭಾಗ ನಗರದ ಬಂಡವಾಳ ಕಾಮಗಾರಿಗಳ ಪಟ್ಟಿಯಲ್ಲಿ ಯಾವ ವರ್ಷಕ್ಕಿದೆ ಎಂದು ಯೋಜನಾ ಕಚೇರಿಯಲ್ಲಿ ಕೇಳಿ. ಕೃಷಿ ಭೂಮಿಗಿರುವ ತೆರಿಗೆ ರಿಯಾಯಿತಿ ವಲಯ ಬದಲಾದಾಗ ಏನಾಗುತ್ತದೆಂದು ಕೌಂಟಿಯ ತೆರಿಗೆ ನಿರ್ಧಾರಕರಿಂದ ಬರಹದಲ್ಲಿ ಪಡೆದು, ಆಮೇಲೆ ಸಹಿ ಹಾಕಿ.